ಗುಡ್ಡದ ಟವರಿಗೆ 24 ವೋಲ್ಟ್ ಸಾಲದು: 48ರಿಂದ 24ಕ್ಕೆ ಇಳಿಸುವ ಪಿಒಇ ಕನ್ವರ್ಟರ್ ಕೊಳ್ಳುವ ಮುನ್ನ

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯ ತೋಟಗಳಲ್ಲಿ ಮನೆ ಇರುವುದು ತಗ್ಗಿನಲ್ಲಿ, ಸಿಗ್ನಲ್ ಸಿಗುವುದು ದಿಬ್ಬದಲ್ಲಿ. ನಡುವೆ ವರ್ಷವರ್ಷ ಎತ್ತರ ಬೆಳೆಯುವ ಸಿಲ್ವರ್ ಓಕ್. ಹಾಗಾಗಿ ದಿಬ್ಬದ ಮೇಲೆ 30 ಮೀಟರಿನ ಟವರ್ ನಿಲ್ಲಿಸಿ, ಅದರ ತುದಿಗೆ 5 ಗಿಗಾಹರ್ಟ್ಸ್ ರೇಡಿಯೋ ಕಟ್ಟಿ, ಅಲ್ಲಿಂದ ಮನೆವರೆಗೆ ಒಂದೇ ಇಥರ್ನೆಟ್ ಕೇಬಲ್ ಎಳೆಯುವುದು ಇಲ್ಲಿ ಮಾಮೂಲು. ಡೇಟಾ, ಕರೆಂಟು ಎರಡೂ ಅದರಲ್ಲೇ ಹೋಗಬೇಕು. ಟವರ್ 30 ಮೀಟರ್, ಬುಡದಿಂದ ಮನೆಗೆ 65 ಮೀಟರ್, ಒಟ್ಟು 95. ಇಥರ್ನೆಟ್‌ನ 100 ಮೀಟರ್ ಮಿತಿಯೊಳಗೇ ಇದೆ, ಆದರೂ ರೇಡಿಯೋ ದಿನಕ್ಕೆ ಹತ್ತು ಸಲ ರೀಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಸರಿ ಇರುತ್ತದೆ, ಸಂಜೆ ಮನೆಯವರೆಲ್ಲ ಫೋನು ಹಿಡಿದು ಕೂತಾಗ ಕೈಕೊಡುತ್ತದೆ. ಬೈಗುಳ ತಿನ್ನುವುದು ರೇಡಿಯೋ. ತಪ್ಪು ಬಹಳ ಸಲ ಅದರದ್ದಲ್ಲ, ಡಬ್ಬಿಯಲ್ಲಿ ಜೊತೆಗೆ ಬಂದ 24 ವೋಲ್ಟ್ ಅಡಾಪ್ಟರಿನದು.

ಇಥರ್ನೆಟ್ ಕೇಬಲ್ಲಿನಲ್ಲೇ ಕರೆಂಟು ಕಳಿಸುವುದಕ್ಕೆ ಪಿಒಇ (ಪವರ್ ಓವರ್ ಇಥರ್ನೆಟ್) ಎನ್ನುತ್ತಾರೆ. ಈ ತೊಂದರೆಗೆ ಅಂಗಡಿಗಳಲ್ಲಿ ಸಿಗುವ ಮದ್ದು ಹೊರಾಂಗಣ ಪಿಒಇ ಕನ್ವರ್ಟರ್. ಒಂದು ಕಡೆಯಿಂದ 48 ವೋಲ್ಟ್, ಅಂದರೆ 802.3ಎಎಫ್ ಅಥವಾ ಎಟಿ ಎಂಬ ಮಾನದಂಡದ ಪಿಒಇ ತೆಗೆದುಕೊಂಡು ಇನ್ನೊಂದು ಕಡೆಗೆ 24 ವೋಲ್ಟ್ ಪ್ಯಾಸಿವ್ ಪಿಒಇ (ತುದಿಯಲ್ಲಿ ಏನಿದೆ ಎಂದು ನೋಡದೆ ಸದಾ ಕರೆಂಟು ಬಿಡುವ ಬಗೆ) ಕೊಡುವ, ಅಂಗೈಯಗಲದ ಪೆಟ್ಟಿಗೆ. ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ, ಒಳಗಿನ ಕೆಲಸ ಒಂದೇ. ಇದು ಯಾರಿಗೆ ಬೇಕು, ಯಾವುದನ್ನು ಆರಿಸಬೇಕು, ಎಲ್ಲಿ ಕಟ್ಟಬೇಕು ಎನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ಲೆಕ್ಕ. ಇದನ್ನು ಬಿಟ್ಟು ಕೊಂಡರೆ ದುಡ್ಡು ದಂಡ. ಶುದ್ಧ ತಾಮ್ರದ 24 ಗೇಜ್ ತಂತಿ ಒಂದಕ್ಕೆ 100 ಮೀಟರಿಗೆ ಸುಮಾರು 8.4 ಓಮ್ ರೋಧ. ಪ್ಯಾಸಿವ್ ಪಿಒಇಯಲ್ಲಿ 4 ಮತ್ತು 5ನೇ ಪಿನ್ ಸೇರಿ ಪ್ಲಸ್, 7 ಮತ್ತು 8 ಸೇರಿ ಮೈನಸ್. ಹೋಗುವುದಕ್ಕೆ ಎರಡು ತಂತಿ, ಬರುವುದಕ್ಕೆ ಎರಡು. ಹೋಗಿಬರುವ ಒಟ್ಟು ರೋಧವೂ ಅಲ್ಲಿಗೆ 100 ಮೀಟರಿಗೆ ಅದೇ 8.4 ಓಮ್. 95 ಮೀಟರಿಗೆ 8 ಎಂದಿಟ್ಟುಕೊಳ್ಳಿ. ಗರಿಷ್ಠ 8.5 ವ್ಯಾಟ್ ಎಳೆಯುವ ಡಿಶ್ ರೇಡಿಯೋ ಈ ಕೇಬಲ್ಲಿನ ತುದಿಯಲ್ಲಿದ್ದರೆ 24 ವೋಲ್ಟಿನಲ್ಲಿ ಸುಮಾರು 3.3 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ರೇಡಿಯೋಗೆ ತಲುಪುವುದು 20.7. ಇಂಥ ಎಷ್ಟೋ ರೇಡಿಯೋಗಳ ಮಿತಿ 24 ವೋಲ್ಟಿಗೆ ಶೇಕಡ 10 ಆಚೀಚೆ, ಅಂದರೆ ಕೆಳಗೆ 21.6.

ಸಂಜೆಯೇ ಯಾಕೆ ಕೆಡುತ್ತದೆ ಅನ್ನುವುದಕ್ಕೂ ಇದರಲ್ಲೇ ಉತ್ತರ. ಟ್ರಾಫಿಕ್ ಏರಿದಷ್ಟೂ ರೇಡಿಯೋ ಹೆಚ್ಚು ಹೊತ್ತು ಪ್ರಸಾರ ಮಾಡುತ್ತದೆ, ಹೆಚ್ಚು ವಿದ್ಯುತ್ ಎಳೆಯುತ್ತದೆ. ಇದು ಬಲ್ಬಿನ ಹಾಗಲ್ಲ. ವೋಲ್ಟೇಜ್ ಇಳಿದರೆ ಬಲ್ಬು ಮಂದವಾಗಿ ಕಡಿಮೆ ಎಳೆಯುತ್ತದೆ, ರೇಡಿಯೋ ಅಷ್ಟೇ ವ್ಯಾಟ್ ಬೇಕೆಂದು ಇನ್ನೂ ಹೆಚ್ಚು ಆಂಪ್ ಎಳೆಯುತ್ತದೆ. ಆಂಪ್ ಹೆಚ್ಚಿದರೆ ಕೇಬಲ್ಲಿನ ನಷ್ಟ ಹೆಚ್ಚು, ನಷ್ಟ ಹೆಚ್ಚಿದರೆ ವೋಲ್ಟೇಜ್ ಮತ್ತೂ ಕಡಿಮೆ. ಕೊನೆಗೆ ರೇಡಿಯೋ ಬೀಳುತ್ತದೆ. ಬಿದ್ದ ಕೂಡಲೇ ಹೊರೆ ಇಳಿದು ವೋಲ್ಟೇಜ್ ಸರಿಯಾಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಅಡಾಪ್ಟರ್ ಸಣ್ಣದಾದರೆ ಇನ್ನೂ ಬೇಗ. ಯುಬಿಕ್ವಿಟಿ ಕಂಪನಿಯ ಲೈಟ್‌ಬೀಮ್ 5ಎಸಿ ಜೆನ್2 ಡಿಶ್ ರೇಡಿಯೋ ಜೊತೆ ಬರುವುದು 24 ವೋಲ್ಟ್ 0.3 ಆಂಪ್, ಒಟ್ಟು 7.2 ವ್ಯಾಟ್. ರೇಡಿಯೋದ ಗರಿಷ್ಠ ಬೇಡಿಕೆಯೇ 7 ವ್ಯಾಟ್. ಮೇಜಿನ ಮೇಲೆ, ಎರಡು ಮೀಟರ್ ಕೇಬಲ್ಲಿಗೆ ಅದು ಸಾಕು. ಉದ್ದದ ಕೇಬಲ್ಲಿಗೆ ಅದರ ಬಳಿ ಮಿಗುವುದು ಏನೂ ಇಲ್ಲ.

ಅದೇ 8.5 ವ್ಯಾಟ್ ರೇಡಿಯೋಗೆ 48 ವೋಲ್ಟ್ ಕಳಿಸಿ, ಕೊನೆಯಲ್ಲಿ ಕನ್ವರ್ಟರ್ ಇಟ್ಟರೆ? ಕನ್ವರ್ಟರಿನ ದಕ್ಷತೆ ಶೇಕಡ 85 ಎಂದರೂ ಅದು ಎಳೆಯುವುದು 10 ವ್ಯಾಟ್. 8 ಓಮಿನ ಕೇಬಲ್ಲಿನಲ್ಲಿ ಬೀಳುವುದು 1.7 ವೋಲ್ಟ್, ತಲುಪುವುದು 46ರ ಮೇಲೆ. ಎಎಫ್ ಪಿಒಇ ಮಾನದಂಡದಲ್ಲಿ ತುದಿಯ ಉಪಕರಣ 37 ವೋಲ್ಟಿನವರೆಗೂ ಕೆಲಸ ಮಾಡಬೇಕು, ಅಂದಮೇಲೆ ಇನ್ನೂ 9 ವೋಲ್ಟ್ ಕೈಯಲ್ಲಿದೆ. ಕೇಬಲ್ಲಿನಲ್ಲಿ ಶಾಖವಾಗಿ ಹೋಗುವುದು 0.4 ವ್ಯಾಟಿಗೂ ಕಡಿಮೆ, 24 ವೋಲ್ಟಿನಲ್ಲಿ ಅದು 1.3 ವ್ಯಾಟಿನ ಮೇಲಿತ್ತು. ಬ್ಯಾಟರಿ ಮೇಲೆ ನಡೆಯುವ ಟವರಿಗೆ ಈ ಉಳಿತಾಯ ದೊಡ್ಡದೇನಲ್ಲ, ಉಳಿದದ್ದನ್ನು ಕನ್ವರ್ಟರೇ ತಿನ್ನುತ್ತದೆ. ಇದನ್ನು ಕೊಳ್ಳುವುದು ವಿದ್ಯುತ್ ಉಳಿಸಲು ಅಲ್ಲ, ರೇಡಿಯೋ ಬೀಳದಿರಲು.

ಯಾರಿಗೆ ಬೇಡ? ಇದೇ 8.5 ವ್ಯಾಟ್ ಲೆಕ್ಕದಲ್ಲಿ 21.6 ವೋಲ್ಟ್ ತಲುಪಬೇಕಾದರೆ ಶುದ್ಧ ತಾಮ್ರದ ಕೇಬಲ್ 72 ಮೀಟರಿನವರೆಗೆ ಹೋಗಬಹುದು. ಆದರೆ ಬಿಸಿಲಿಗೆ ಕಾದ ಕಪ್ಪು ಕೇಬಲ್ 60 ಡಿಗ್ರಿ ಮುಟ್ಟಿದರೆ ತಾಮ್ರದ ರೋಧ ಶೇಕಡ 15ರಷ್ಟು ಏರುತ್ತದೆ, 72 ಎಂಬುದು 63 ಆಗುತ್ತದೆ. ಹಾಗಾಗಿ 60 ಮೀಟರ್ ಒಳಗೆ, ಒಳ್ಳೆ ತಾಮ್ರ, 0.5 ಆಂಪ್ ಅಥವಾ ಹೆಚ್ಚಿನ ಅಡಾಪ್ಟರ್ ಇದ್ದವರು ಕನ್ವರ್ಟರಿಗೆ ದುಡ್ಡು ಹಾಕುವುದು ಬೇಡ. ರೇಡಿಯೋದ ಬೆನ್ನಿನ ಚೀಟಿಯಲ್ಲಿ 12–57 ವೋಲ್ಟ್ ಎಂದೋ 802.3ಎಎಫ್ ಎಂದೋ ಇದ್ದವರಿಗೂ ಬೇಡ, ನೇರವಾಗಿ 48 ಕೊಡಬಹುದು. ಮೈಕ್ರೋಟಿಕ್‌ನ ಕೆಲವು ಮಾದರಿಗಳು ಹೀಗಿವೆ, ಎಲ್ಲವೂ ಅಲ್ಲ. ಚೀಟಿ ಓದದೆ 24 ವೋಲ್ಟ್ ರೇಡಿಯೋಗೆ 48 ಕೊಟ್ಟರೆ ಸುಟ್ಟು ಹೋಗುತ್ತದೆ. ಮೊಟೊರೊಲಾದ ಹಳೆಯ ಕ್ಯಾನಪಿ ರೇಡಿಯೋ ಎಲ್ಲಾದರೂ ಉಳಿದಿದ್ದರೆ ಅದರ ಪ್ಲಸ್ ಮೈನಸ್ ಕೂಡ ಉಲ್ಟಾ, 7–8 ಪ್ಲಸ್.

ಈಗ ಪೆಟ್ಟಿಗೆಗೆ ಬರೋಣ. ಹಾಸನ, ಚಿಕ್ಕಮಗಳೂರಿನ ಅಂಗಡಿಗಳಿಗೆ ಮಾಲು ಬರುವುದು ಹೆಚ್ಚಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಕನ್ವರ್ಟರ್ ಕೇಳಿದರೆ ಮೂರು ಬಗೆ ಮುಂದೆ ಬರುತ್ತವೆ. ಒಂದು, ಸಿಸಿ ಕ್ಯಾಮೆರಾಗೆ ಮಾಡಿದ 48ರಿಂದ 12 ವೋಲ್ಟಿನ ಸ್ಪ್ಲಿಟರ್, ಬಾಲದಲ್ಲಿ ಡಿಸಿ ಪಿನ್ ನೇತಾಡುತ್ತಿರುತ್ತದೆ. ಟವರ್ ರೇಡಿಯೋಗೆ ಅದು ಪ್ರಯೋಜನವಿಲ್ಲ. ಎರಡು, 10/100 ಕನ್ವರ್ಟರ್. ಇದನ್ನು ಹಾಕಿದರೆ ಗಿಗಾಬಿಟ್ ರೇಡಿಯೋ 100 ಮೆಗಾಬಿಟ್ಟಿಗೆ ಇಳಿದು ಕೂರುತ್ತದೆ, ಏಕೆಂದರೆ ನೀಲಿ ಮತ್ತು ಕಂದು ಜೋಡಿಗಳನ್ನು ಅದು ಕರೆಂಟಿಗೆ ಮಾತ್ರ ಬಳಸುತ್ತದೆ, ಗಿಗಾಬಿಟ್‌ಗೆ ನಾಲ್ಕೂ ಜೋಡಿಯಲ್ಲಿ ಡೇಟಾ ಹೋಗಬೇಕು. ತೋಟದ ಲಿಂಕ್ 40–50 ಮೆಗಾಬಿಟ್ಟಿನದಾದರೆ ಇದರಿಂದ ನಷ್ಟವೇನಿಲ್ಲ, ಸುಮ್ಮನೆ ಹೆಚ್ಚು ಕೊಡಬೇಡಿ. ಮೂರು, ಗಿಗಾಬಿಟ್ ಕನ್ವರ್ಟರ್. ಅದಕ್ಕಿಂತ ವೇಗದ ಲಿಂಕಿಗೆ ನಾವು ಶಿಫಾರಸು ಮಾಡುವುದು ಇದನ್ನೇ, ಆದರೆ ಇದರಲ್ಲೂ ಒಂದು ಒಳಗುಟ್ಟಿದೆ.

ಒಳಗೆ ಐಸೊಲೇಶನ್, ಅಂದರೆ ಒಳಬದಿ ಹೊರಬದಿಗಳ ನಡುವೆ ನೇರ ತಂತಿ ಸಂಪರ್ಕ ಇರದ ಏರ್ಪಾಡು, ಇದೆಯೋ ಇಲ್ಲವೋ ಎನ್ನುವುದೇ ಆ ಗುಟ್ಟು. ಅಗ್ಗದವು ಟ್ರಾನ್ಸ್‌ಫಾರ್ಮರ್ ಇಲ್ಲದೆ ವೋಲ್ಟೇಜ್ ಇಳಿಸುವ ಬಕ್ ಸರ್ಕ್ಯೂಟಿನವು. ಅದರ ಸ್ವಿಚಿಂಗ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಸತ್ತರೆ 48 ವೋಲ್ಟ್ ನೇರ ರೇಡಿಯೋಗೆ ನುಗ್ಗುತ್ತದೆ, ಸಣ್ಣ ಪೆಟ್ಟಿಗೆ ಸಾಯುವಾಗ ದೊಡ್ಡದನ್ನೂ ಕರೆದುಕೊಂಡು ಹೋಗುತ್ತದೆ. ಐಸೊಲೇಟೆಡ್ ಆದರೆ ಸತ್ತರೂ ಹೊರಗೆ ಕರೆಂಟು ಬರುವುದು ನಿಲ್ಲುತ್ತದೆ, ಅಷ್ಟೇ. ಅಂಗಡಿಯಲ್ಲೇ ನೋಡಬಹುದು: ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ಹಾಕಿ, ಒಳಬದಿಯ 4, 5, 7, 8ನೇ ಪಿನ್‌ಗಳಿಗೂ ಹೊರಬದಿಯ 7–8ಕ್ಕೂ ನಡುವೆ ಎರಡೂ ದಿಕ್ಕಿನಲ್ಲಿ ಹಿಡಿಯಿರಿ. ಯಾವ ದಿಕ್ಕಿನಲ್ಲೂ ಓದು ನಿಲ್ಲದಿದ್ದರೆ ಐಸೊಲೇಟೆಡ್ ಇರಬಹುದು, ಆದರೂ ಇದೊಂದೇ ಖಾತ್ರಿಯಲ್ಲ. ಕ್ಷಣ ಬಂದು ಹೋದರೆ ಅದು ಕೆಪಾಸಿಟರ್, ಚಿಂತೆ ಬೇಡ. 0.5 ವೋಲ್ಟ್ ಆಸುಪಾಸಿನ ಓದು ನಿಂತರೆ ವಾಪಸ್ ಕೊಡಿ.

ವ್ಯಾಟ್ ಕೂಡ ನೋಡಬೇಕು. 802.3ಎಎಫ್ ಅಂದರೆ ಕಳಿಸುವ ತುದಿಯಲ್ಲಿ 15.4 ವ್ಯಾಟ್, ತಲುಪುವ ಖಾತ್ರಿ 12.95. ಕನ್ವರ್ಟರಿನ ನಷ್ಟ ಕಳೆದರೆ ರೇಡಿಯೋಗೆ ಉಳಿಯುವುದು 11. ಎಟಿ ಆದರೆ 30 ಕಳಿಸಿ 25.5 ತಲುಪಿಸುತ್ತದೆ, ರೇಡಿಯೋಗೆ 21ರ ಮೇಲೆ. ಡಿಶ್ ಅಥವಾ ಸಣ್ಣ ಸೆಕ್ಟರ್ (ಸಿಗ್ನಲ್ಲನ್ನು ಅಗಲಕ್ಕೆ ಹರಡುವ ರೇಡಿಯೋ) ಒಂದಕ್ಕೆ ಎಎಫ್ ಸಾಕು. ಟವರಿಂದ ಟವರಿಗೆ ಸಂಪರ್ಕ ಕೊಡುವ ದೊಡ್ಡ ಬ್ಯಾಕ್‌ಹಾಲ್ ರೇಡಿಯೋಗೆ ಕನ್ವರ್ಟರ್, ಮನೆಯ ತುದಿಯಲ್ಲಿ ಕೇಬಲ್ಲಿಗೆ ಕರೆಂಟು ಸೇರಿಸುವ ಇಂಜೆಕ್ಟರ್ ಎರಡೂ ಎಟಿ ಇರಬೇಕು. ಒಂದು ಎಟಿ, ಇನ್ನೊಂದು ಎಎಫ್ ಆದರೆ ಚಿಕ್ಕದರ ಮಿತಿಯೇ ಒಟ್ಟು ಮಿತಿ. ಇಂಜೆಕ್ಟರ್ ಕೊಳ್ಳುವಾಗ ‘48 ವೋಲ್ಟ್ ಪ್ಯಾಸಿವ್’ ಎಂದು ಬರೆದದ್ದು ಬೇಡ. ಎಎಫ್ ಇಂಜೆಕ್ಟರ್ ಮೊದಲು ಆ ತುದಿಯಲ್ಲಿ 25 ಕಿಲೋ ಓಮಿನ ಗುರುತು ಇದೆಯೇ ಎಂದು ಸಣ್ಣ ವೋಲ್ಟೇಜಿನಲ್ಲಿ ತಡವಿ ನೋಡಿ, ಇದ್ದರೆ ಮಾತ್ರ 48 ಬಿಡುತ್ತದೆ. ಪ್ಯಾಸಿವ್ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಮನೆಯವರು ಯಾರೋ ಆ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅದರ ಪೋರ್ಟ್ ಹೋಗಬಹುದು.

ಎಲ್ಲಿ ಕಟ್ಟಬೇಕು? ಡಬ್ಬಿಯ ಮೇಲಿನ ಚಿತ್ರದಲ್ಲಿ ಕನ್ವರ್ಟರ್ ರೇಡಿಯೋ ಪಕ್ಕ, ಟವರ್ ತುದಿಯಲ್ಲಿರುತ್ತದೆ. ಆ ಚಿತ್ರ ಮರೆತುಬಿಡಿ. ಅದರ ಜಾಗ ಟವರಿನ ಬುಡ, ನೆಲದಿಂದ ನಾಲ್ಕೈದು ಅಡಿ ಎತ್ತರದ ಪೆಟ್ಟಿಗೆಯೊಳಗೆ. ನಮ್ಮ 95 ಮೀಟರಿನ ಉದಾಹರಣೆಯಲ್ಲಿ ಮನೆಯಿಂದ ಬುಡಕ್ಕೆ 65 ಮೀಟರ್ 48 ವೋಲ್ಟಿನಲ್ಲಿ ಬರುತ್ತದೆ, ಬೀಳುವುದು 1.2 ವೋಲ್ಟ್. ಅಲ್ಲಿ 24ಕ್ಕೆ ಇಳಿದು ಮೇಲಿನ 30 ಮೀಟರಿನಲ್ಲಿ ಬೀಳುವುದು 0.9. ರೇಡಿಯೋಗೆ 23 ವೋಲ್ಟ್ ಸಿಕ್ಕಿತು, ಬೇಕಾದದ್ದಕ್ಕಿಂತ ಹೆಚ್ಚೇ. ಪುಷ್ಯ ಮಳೆಯ ನಡುವೆ ಕನ್ವರ್ಟರ್ ಸತ್ತರೆ ಬೆಲ್ಟು ಕಟ್ಟಿ ಜಾರುವ ಟವರ್ ಹತ್ತುವ ಕೆಲಸವಿಲ್ಲ, ಕೊಡೆ ಹಿಡಿದು ನಿಂತು ಬದಲಿಸಬಹುದು. ಟವರ್ ಹತ್ತುವವರು ಮಳೆಗಾಲದಲ್ಲಿ ಎಷ್ಟು ಹೊತ್ತಿಗೆ ಸಿಗುತ್ತಾರೆ ಅನ್ನುವುದು ಮಲೆನಾಡಿನವರಿಗೆ ಗೊತ್ತು. ಟವರ್ 60 ಮೀಟರಿಗಿಂತ ಎತ್ತರವಾದರೆ ಮಾತ್ರ ತುದಿಗೆ ಕಟ್ಟಿ.

ಒಂದು ತಪ್ಪು ತಿಳಿವಳಿಕೆ ಇದೆ: ಕನ್ವರ್ಟರ್ ಇಟ್ಟರೆ ಕೇಬಲ್ ಉದ್ದ ಮಾಡಬಹುದು ಎಂದು. ಇಲ್ಲ. ಅದು ಡೇಟಾವನ್ನು ಹಾಗೇ ದಾಟಿಸುತ್ತದೆ, ಹೊಸದಾಗಿ ಕಳಿಸುವುದಿಲ್ಲ. ಎರಡು ತುಂಡು ಸೇರಿ 100 ಮೀಟರ್ ದಾಟಬಾರದು. ಅದಕ್ಕಿಂತ ದೂರಕ್ಕೆ ಪಿಒಇ ಎಕ್ಸ್‌ಟೆಂಡರ್ ಮಾರುತ್ತಾರೆ. ನಡುವೆ ಒಂದಾದರೆ ಸರಿ, ಎರಡು ಮೂರು ಸರಪಳಿ ಕಟ್ಟುವುದು ಕೆಟ್ಟ ಯೋಚನೆ. ಪ್ರತಿಯೊಂದೂ ಸ್ವಲ್ಪ ವಿದ್ಯುತ್ ತಿನ್ನುತ್ತದೆ, ಪ್ರತಿಯೊಂದಕ್ಕೂ ಎರಡು ಆರ್‌ಜೆ45 ಕನೆಕ್ಟರ್, ಪ್ರತಿ ಕನೆಕ್ಟರಿಗೂ ಮಳೆ ಮತ್ತು ಇರುವೆ. 200 ಮೀಟರ್ ಇದ್ದರೆ ಮನೆಯಿಂದ ಟವರ್ ಬುಡಕ್ಕೆ ಫೈಬರ್ ಎಳೆಯಿರಿ, ಪಕ್ಕದಲ್ಲೇ 2.5 ಚದರ ಮಿಲಿಮೀಟರಿನ ಎರಡು ಎಳೆ ತಾಮ್ರದ ಕೇಬಲ್ಲಿನಲ್ಲಿ 48 ವೋಲ್ಟ್ ಕಳಿಸಿ. 200 ಮೀಟರಿಗೆ ಹೋಗಿಬರುವ ರೋಧ 3 ಓಮ್, 25 ವ್ಯಾಟಿಗೆ ಬೀಳುವುದು ಒಂದೂವರೆ ವೋಲ್ಟ್. ಎರಡನ್ನೂ ಸ್ಪ್ರಿಂಕ್ಲರಿಗೆ ಹಾಕುವ ಎಚ್‌ಡಿಪಿಇ ಪೈಪಿನೊಳಗೆ ಎರಡಡಿ ಆಳಕ್ಕೆ ಹೂತರೆ ಗುದ್ದಲಿ, ಇಲಿ, ಕೋತಿ ಮೂರರಿಂದಲೂ ಬಚಾವ್.

ಕನ್ವರ್ಟರಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಕೇಬಲ್ಲಿಗೆ. 305 ಮೀಟರಿನ ಡಬ್ಬಿಗಳಲ್ಲಿ ಸಿಸಿಎ, ಅಂದರೆ ತಾಮ್ರದ ಲೇಪನ ಇರುವ ಅಲ್ಯೂಮಿನಿಯಂ, ಬೇಕಾದಷ್ಟು ಓಡುತ್ತದೆ. ಡಬ್ಬಿಯ ಮೇಲೆ ಕ್ಯಾಟ್ 6 ಎಂದು ದಪ್ಪಕ್ಷರದಲ್ಲಿರುತ್ತದೆ, ಸಿಸಿಎ ಅನ್ನುವುದು ಮೂಲೆಯಲ್ಲಿ ಇದ್ದರೆ ಇತ್ತು. ರೋಧ ತಾಮ್ರದ ಒಂದೂವರೆ ಪಟ್ಟಿಗೂ ಮೇಲೆ. ಮೇಲಿನ 72 ಮೀಟರಿನ ಲೆಕ್ಕ ಸಿಸಿಎಯಲ್ಲಿ 46ಕ್ಕೆ ಬಂದು ನಿಲ್ಲುತ್ತದೆ. 48 ವೋಲ್ಟಿನಲ್ಲಿ ಸಿಸಿಎ ಕೂಡ ವಿದ್ಯುತ್ ಲೆಕ್ಕಕ್ಕೆ ಪಾಸಾಗುತ್ತದೆ, ನಿಜ. ಆದರೆ ಗಾಳಿಗೆ ಅಲುಗಾಡಿ ತಂತಿ ಮುರಿಯುವುದು, ತೇವ ಹೊಕ್ಕ ಕಡೆ ಅಲ್ಯೂಮಿನಿಯಂ ಪುಡಿಯಾಗುವುದು ಇವು ವೋಲ್ಟ್ ಹೆಚ್ಚಿಸಿದರೆ ಹೋಗುವ ರೋಗಗಳಲ್ಲ. ಬ್ಲೇಡಿನಿಂದ ತಂತಿ ಕೆರೆದು ಒಳಗೆ ಬೆಳ್ಳಗಿದೆಯೇ ನೋಡುವುದು ಒಂದು ದಾರಿ. ಇನ್ನೂ ಖಚಿತವಾದದ್ದು ಮಲ್ಟಿಮೀಟರ್: ಡಬ್ಬಿಯ ಒಂದು ತುದಿಯಲ್ಲಿ ಒಂದೇ ಜೋಡಿಯ ಎರಡು ತಂತಿ ಸೇರಿಸಿ ತಿರುಚಿ, ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. 305 ಮೀಟರಿನ ಪೂರ್ತಿ ಡಬ್ಬಿಗೆ 24 ಗೇಜ್ ತಾಮ್ರವಾದರೆ 51ರಿಂದ 57. 80ರ ಆಸುಪಾಸು ಬಂದರೆ ಡಬ್ಬಿ ಮುಚ್ಚಿ ಅಲ್ಲೇ ಇಡಿ. 23 ಗೇಜಿನ ನಿಜವಾದ ಕ್ಯಾಟ್ 6 ಆದರೆ 41–43 ತೋರಿಸುತ್ತದೆ.

ಹೊರಗೆ ಎಳೆಯುವ ಕೇಬಲ್ ಕಪ್ಪು ಹೊದಿಕೆಯ, ಬಿಸಿಲು ತಡೆಯುವ, ಶೀಲ್ಡ್ (ಒಳಗಿನ ಲೋಹದ ಹೊದಿಕೆ) ಮತ್ತು ಅದಕ್ಕೆ ತಾಗಿ ಸಾಗುವ ಡ್ರೈನ್ ತಂತಿ ಇರುವಂಥದ್ದೇ ಆಗಬೇಕು. ಕನೆಕ್ಟರ್ ಲೋಹದ ಕವಚದ್ದು, ಡ್ರೈನ್ ತಂತಿ ಆ ಕವಚಕ್ಕೆ ಮುಟ್ಟಿರಬೇಕು. ಪ್ಲಾಸ್ಟಿಕ್ ಕನೆಕ್ಟರ್ ಹಾಕಿ ಶೀಲ್ಡ್ ಕೇಬಲ್ ಎಳೆದರೆ ಶೀಲ್ಡಿಗೆ ಕೊಟ್ಟ ದುಡ್ಡು ಗಾಳಿಗೆ. ಪ್ರತಿ ಪ್ರವೇಶದ ಬಳಿ ಕೇಬಲ್ ಕೆಳಗಿಳಿದು ಮತ್ತೆ ಮೇಲೇರುವ ಹಾಗೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ನೀರು ಒಳಗೆ ಹೋದರೆ ಮೊದಲು ಹಸಿರಾಗುವುದು 4 ಮತ್ತು 5ನೇ ಪಿನ್, ಏಕೆಂದರೆ ಪ್ಲಸ್ ಬದಿಯ ತಾಮ್ರವೇ ಕರಗುವುದು. ಗಿಗಾಬಿಟ್ ಲಿಂಕ್ ಇದ್ದಕ್ಕಿದ್ದಂತೆ 100ಕ್ಕೆ ಇಳಿದರೆ ಹೆಚ್ಚಿನ ಸಲ ಇದೇ ಕಾರಣ, ರೇಡಿಯೋ ಸೆಟ್ಟಿಂಗ್ ಹುಡುಕುತ್ತ ಕೂರಬೇಡಿ. ಕನೆಕ್ಟರ್ ತೆಗೆಯುವಾಗ ಮನೆಯ ಇಂಜೆಕ್ಟರ್ ಮೊದಲು ಆರಿಸಿ. ಕರೆಂಟು ಇರುವಾಗಲೇ ಕಿತ್ತರೆ ಕಿಡಿ ಹಾರಿ ಪಿನ್ನಿನ ಚಿನ್ನದ ಲೇಪನ ಹೋಗುತ್ತದೆ.

ಸಿಡಿಲಿನ ಮಾತು. ಹೂಮಳೆ ಶುರುವಾಗಿ ಅಶ್ವಿನಿ, ಭರಣಿ ಮಳೆ ಮುಗಿಯುವವರೆಗೆ ಈ ಎರಡು ಜಿಲ್ಲೆಯ ಗುಡ್ಡಗಳಲ್ಲಿ ಸಿಡಿಲಿನ ಕಾಟ ಜಾಸ್ತಿ. ಜಂಬಿಟ್ಟಿಗೆ ನೆಲ ಆಗಲೇ ಒಣಗಿ, ಅರ್ತಿಂಗ್ ರೋಧ ವರ್ಷದಲ್ಲೇ ಹೆಚ್ಚಿರುತ್ತದೆ. ಜುಲೈನಲ್ಲಿ ಅಳೆದು 4 ಓಮ್ ಇದೆ ಎಂದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ, ಮಾರ್ಚ್ ಕೊನೆಯಲ್ಲಿ ಅಳೆಯಿರಿ. ಅದಕ್ಕಿಂತ ದೊಡ್ಡ ತಪ್ಪು ಟವರಿಗೆ ಒಂದು ಅರ್ತ್, ಮನೆಗೆ ಬೇರೆ ಅರ್ತ್ ಮಾಡಿ ಎರಡನ್ನೂ ಸೇರಿಸದೆ ಬಿಡುವುದು. 10 ಕಿಲೋ ಆಂಪಿನ ಸಿಡಿಲು 5 ಓಮಿನ ಗುಂಡಿಗೆ ಇಳಿದರೆ ಟವರಿನ ಬುಡ 50 ಸಾವಿರ ವೋಲ್ಟಿಗೆ ಏರುತ್ತದೆ. ಮನೆಯ ಅರ್ತ್ ಆಗ ಸೊನ್ನೆಯಲ್ಲೇ ಇದ್ದರೆ ಆ ವ್ಯತ್ಯಾಸವನ್ನೆಲ್ಲ ಹೊರಬೇಕಾದ್ದು ನಮ್ಮ ಬಡ ಇಥರ್ನೆಟ್ ಕೇಬಲ್. ಎರಡನ್ನೂ ಜಿಐ ಪಟ್ಟಿಯಿಂದ ನೆಲದೊಳಗೆ ಜೋಡಿಸಿ. ಬುಡದ ಪೆಟ್ಟಿಗೆಯಲ್ಲಿ ಒಂದು, ಮನೆ ಗೋಡೆಯ ಹೊರಗೆ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿ, ಅರ್ತ್ ತಂತಿ ಚಿಕ್ಕದಾಗಿ, ನೇರವಾಗಿ ಇರಲಿ. ಬುಡದಲ್ಲಿ ಟವರಿನಿಂದ ಇಳಿದ ಕೇಬಲ್ ಮೊದಲು ಪ್ರೊಟೆಕ್ಟರಿಗೆ, ಆಮೇಲೆ ಕನ್ವರ್ಟರಿಗೆ. 24 ವೋಲ್ಟಿಗೆಂದೇ ಮಾಡಿದ ಪ್ರೊಟೆಕ್ಟರನ್ನು 48ರ ಕಡೆ ಹಾಕಬೇಡಿ, ಚೀಟಿಯಲ್ಲಿ ಕೆಲಸದ ವೋಲ್ಟೇಜ್ 60 ಅಥವಾ ಹೆಚ್ಚು ಇರಬೇಕು. ಇಷ್ಟೆಲ್ಲ ಮಾಡಿದರೂ ನೇರ ಹೊಡೆತಕ್ಕೆ ಯಾವ ಪ್ರೊಟೆಕ್ಟರೂ ತಡೆಯುವುದಿಲ್ಲ. ಇದು ಅಕ್ಕಪಕ್ಕ ಬಿದ್ದ ಸಿಡಿಲಿಗೆ.

ಮೆಸ್ಕಾಂ ಆಗಲಿ ಸೆಸ್ಕ್ ಆಗಲಿ, ಮರ ಬಿದ್ದ ದಿನ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ಬ್ಯಾಟರಿಯಿಂದಲೇ ನೇರ 48 ವೋಲ್ಟ್ ಕೊಡುವವರಿದ್ದಾರೆ. ನಾಲ್ಕು 12 ವೋಲ್ಟ್ ಲೆಡ್ ಬ್ಯಾಟರಿ ಸರಣಿಯಲ್ಲಿ ಹಾಕಿದರೆ ಫ್ಲೋಟ್ ಚಾರ್ಜಿನಲ್ಲಿ 54–55 ವೋಲ್ಟ್, ತೊಂದರೆಯಿಲ್ಲ. ಬೂಸ್ಟ್ ಚಾರ್ಜಿಗೆ ಹೋದಾಗ ಒಂದೊಂದು 14.4, ಒಟ್ಟು 57.6. ಪಿಒಇ ಮಿತಿ 57. ಅಷ್ಟಕ್ಕೇ ಕನ್ವರ್ಟರ್ ಸುಡಬೇಕೆಂದಿಲ್ಲ, ಆದರೆ ದಿನವೂ ಮಿತಿ ಮೀರಿಸಿ ನಡೆಸುವುದು ಯಾಕೆ? ಚಾರ್ಜರಿನ ಬೂಸ್ಟ್ 56ಕ್ಕೆ ಇಳಿಸಿ, ಇಲ್ಲವೇ ನಡುವೆ ಸ್ಥಿರ 48 ಕೊಡುವ ಡಿಸಿ ಕನ್ವರ್ಟರ್ ಹಾಕಿ. ಎರಡೇ ಬ್ಯಾಟರಿಯ 24 ವೋಲ್ಟ್ ನೇರ ಕೊಡುವವರ ಸ್ಥಿತಿ ಇನ್ನೂ ಕಷ್ಟ. ಚಾರ್ಜಾಗುವಾಗ 28.8, ಖಾಲಿಯಾಗುತ್ತ 22. 26.4 ದಾಟಬಾರದ ರೇಡಿಯೋಗೆ ಮೇಲಿನದೂ ಆಗದು, ಉದ್ದ ಕೇಬಲ್ ಕಳೆದ ಮೇಲೆ ಕೆಳಗಿನದೂ ಆಗದು.

ಕೆಲಸ ಮುಗಿದ ದಿನ ರೇಡಿಯೋದಲ್ಲಿ ಸ್ಪೀಡ್ ಟೆಸ್ಟ್ ಓಡಿಸಿ, ಹೊರೆ ಇರುವಾಗಲೇ ಬುಡದ ಪೆಟ್ಟಿಗೆಯಲ್ಲಿ ಎರಡು ಕಡೆ ಅಳೆಯಿರಿ: ಕನ್ವರ್ಟರಿಗೆ ಬರುವ ವೋಲ್ಟೇಜ್, ಅದರಿಂದ ಹೊರಡುವ ವೋಲ್ಟೇಜ್. ಎರಡನ್ನೂ ತಾರೀಖಿನ ಸಮೇತ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ, ಅದೇ ಹೊರೆಯಲ್ಲಿ ಮತ್ತೆ ಅಳೆಯಿರಿ. ಬರುವ ವೋಲ್ಟೇಜ್ ಒಂದು ವೋಲ್ಟಿಗಿಂತ ಹೆಚ್ಚು ಇಳಿದಿದ್ದರೆ ಮನೆ ಕಡೆಯ ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ಬರುವುದು ಸರಿಯಿದ್ದು ಹೊರಡುವುದು 23ಕ್ಕಿಂತ ಕೆಳಗಿದ್ದರೆ ಕನ್ವರ್ಟರ್ ಬದಲಿಸಿ. ಪೆಟ್ಟಿಗೆ ತೆರೆದಾಗ ಇರುವೆ ಗೂಡು ಕಂಡರೆ ಕೇಬಲ್ ಒಳಬರುವ ಗ್ಲ್ಯಾಂಡ್ ಸಡಿಲವಾಗಿದೆ, ಅದನ್ನೂ ಬಿಗಿ ಮಾಡಿ.